ಬೀಗವಿಲ್ಲದ ಮನೆ, ಏರುವ ಹೊಳೆ



ನ್ಯೂಜಿಲೆಂಡಿನ ಕಾಡುಬೆಟ್ಟಗಳಲ್ಲಿ ಅಲ್ಲಿನ ಸಂರಕ್ಷಣಾ ಇಲಾಖೆ ನೋಡಿಕೊಳ್ಳುವ 950ಕ್ಕೂ ಹೆಚ್ಚು ಪುಟ್ಟ ಮನೆಗಳಿವೆ. ಬಹುಪಾಲು ಮನೆಗಳಿಗೆ ಬೀಗವೂ ಇಲ್ಲ, ಕಾವಲುಗಾರನೂ ಇಲ್ಲ. ಬಾಗಿಲು ನೂಕಿದರೆ ಒಂದರ ಮೇಲೊಂದು ಜೋಡಿಸಿದ ಮರದ ಮಂಚಗಳು, ರೆಕ್ಸಿನ್ ಹೊದಿಸಿದ ಹಾಸಿಗೆ, ಮೇಜು, ಸೌದೆ ಒಲೆ, ಮೂಲೆಯಲ್ಲಿ ಪೊರಕೆ. ಹೊರಗೆ ಮಳೆನೀರಿನ ತೊಟ್ಟಿ, ತುಸು ದೂರದಲ್ಲಿ ಕಕ್ಕಸು. ಅಲ್ಲಿಯವರು ಇದನ್ನು ಹಟ್ ಎನ್ನುತ್ತಾರೆ, ನಾನೂ ಹಾಗೇ ಹೇಳುತ್ತೇನೆ. ಯಾರು ಬೇಕಾದರೂ ಹೋಗಿ ಮಲಗಬಹುದು. ನಾನಿದ್ದಾಗ ಸಾಮಾನ್ಯ ಹಟ್ಟಿನ ಒಂದು ರಾತ್ರಿಯ ಟಿಕೆಟ್ ಐದು ಡಾಲರ್. ಪೇಟೆಯಲ್ಲೇ ಕೊಂಡು ಹೋಗಿ, ಅರ್ಧ ಚೀಟಿ ಹರಿದು ಅಲ್ಲಿರುವ ಡಬ್ಬಿಗೆ ಹಾಕಬೇಕಿತ್ತು. ಹಾಕಿದೆಯೋ ಇಲ್ಲವೋ ಎಂದು ಕೇಳುವವರಿರಲಿಲ್ಲ.

ಮಣ್ಣುವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಗೆಂದು ನಾನು ಹೋದದ್ದು ಲಿಂಕನ್ ವಿಶ್ವವಿದ್ಯಾಲಯಕ್ಕೆ. 1878ರಲ್ಲಿ ಕೃಷಿಶಾಲೆಯಾಗಿ ಹುಟ್ಟಿದ ಸಂಸ್ಥೆ ಅದು. ದಕ್ಷಿಣ ದ್ವೀಪದ ಕ್ರೈಸ್ಟ್‌ಚರ್ಚ್ ನಗರದಿಂದ ಸುಮಾರು 20 ಕಿಲೋಮೀಟರ್. ಸುತ್ತ ಮಟ್ಟಸವಾದ ಬಯಲು, ಕುರಿ, ಹಸು, ಆಲೂಗಡ್ಡೆ ಹೊಲ. ಪಡುವಣಕ್ಕೆ ತಿರುಗಿದರೆ ದಿಗಂತದುದ್ದಕ್ಕೂ ಹಿಮ ಹೊತ್ತ ಸದರ್ನ್ ಆಲ್ಪ್ಸ್. ವಾರವಿಡೀ ಅದನ್ನು ನೋಡುತ್ತಾ ಕೂತವರಿಗೆ ಶುಕ್ರವಾರ ಸಂಜೆ ಚೀಲ ಕಟ್ಟದೆ ಇರುವುದು ಕಷ್ಟ.

ಆಕಾಶವಾಣಿ ನಿಲಯದವರು ಅಲ್ಲಿನ ಸಾಹಸಗಳ ಬಗ್ಗೆ ಮಾತಾಡಿ ಎಂದಿದ್ದಾರೆ. ನಿಜ ಹೇಳಬೇಕೆಂದರೆ, ನಾನು ಕಂಡ ಸಾಹಸದಲ್ಲಿ ಅರ್ಧಪಾಲು ಹೊಳೆ ಇಳಿಯಲಿ ಎಂದು ಕೂತು ಕಾಯುವುದು, ಉಳಿದರ್ಧ ಯಾರೋ ಹಿಂದೆ ಕಟ್ಟಿಟ್ಟದ್ದನ್ನು ನಂಬಿ ನಡೆಯುವುದು. ಶಿಖರದ ಮೇಲೆ ಕೈ ಎತ್ತಿ ನಿಂತ ಫೋಟೊ ನನ್ನ ಹತ್ತಿರವೂ ಇದೆ. ಆದರೆ ಅದಕ್ಕಿಂತ ಹೊಳೆಯದ್ದೇ ದೊಡ್ಡ ಕಥೆ.

ಮೊದಲು ಅಲ್ಲಿನ ಮಳೆ ಅರ್ಥವಾಗಬೇಕು. ಸಮುದ್ರದ ಮೇಲಿಂದ ಬರುವ ಪಶ್ಚಿಮದ ಗಾಳಿ ನೇರವಾಗಿ ಆಲ್ಪ್ಸ್‌ಗೆ ಬಡಿಯುತ್ತದೆ. ಹೊತ್ತು ತಂದ ನೀರನ್ನೆಲ್ಲ ಪಡುವಣ ಬದಿಯಲ್ಲೇ ಸುರಿದು, ಬೆಟ್ಟ ದಾಟುವಾಗ ಒಣಗಿ ಬಿಸಿಯಾಗುತ್ತದೆ. ಪಡುವಣದ ಮಿಲ್ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ ಆರೂವರೆ ಮೀಟರಿನ ಆಸುಪಾಸು ಮಳೆ. ಬೆಟ್ಟದಾಚೆಯ ಅಲೆಕ್ಸಾಂಡ್ರಾ ಊರಿನಲ್ಲಿ 350 ಮಿಲಿಮೀಟರಿನಷ್ಟು ಬಿದ್ದರೆ ಹೆಚ್ಚು. ಆಗುಂಬೆಯಿಂದ ಹೊರಟು ಚಳ್ಳಕೆರೆಗೆ ಬಂದು ಇಳಿದಂತೆ. ವ್ಯತ್ಯಾಸವೆಂದರೆ ನಮ್ಮ ಮಳೆಗೊಂದು ಋತುವಿದೆ, ಅಲ್ಲಿಯದಕ್ಕಿಲ್ಲ. ಡಿಸೆಂಬರಿನ ನಡುಬೇಸಗೆಯಲ್ಲೂ ಬಂದೀತು, ಸಂಜೆಗೆ ಗಾಳಿ ದಕ್ಷಿಣಕ್ಕೆ ತಿರುಗಿದರೆ ಅದೇ ಮಳೆ ಹಿಮವಾದೀತು. ನನ್ನ ಜೊತೆ ಓದುತ್ತಿದ್ದ ತೀರ್ಥಹಳ್ಳಿಯ ಗೆಳೆಯನೊಬ್ಬ ತೊಯ್ದು ತೊಪ್ಪೆಯಾಗಿ ಹಟ್ಟಿನ ಬಾಗಿಲಲ್ಲಿ ನಿಂತು, "ನಮ್ಮೂರ ಮಳೆಗೆ ಒಂದು ಮರ್ಯಾದೆ ಇರುತ್ತೆ ಮಾರಾಯ, ಬರ್ತೀನಿ ಅಂತ ಹೇಳಿ ಬರುತ್ತೆ. ಇದು ಎಂಥದು?" ಎಂದಿದ್ದ. ಮಲೆನಾಡಿನವನೇ ಹಾಗೆಂದ ಮೇಲೆ ಬಯಲುಸೀಮೆಯ ನಾನು ಇನ್ನೇನು ಹೇಳಲಿ.

ಅಲ್ಲಿನ ಮಳೆಯೂ ಒಂದು ರೀತಿಯಲ್ಲಿ ಹೇಳಿಯೇ ಬರುತ್ತದೆ, ಕೇಳಿಸಿಕೊಳ್ಳುವುದು ಕಲಿಯಬೇಕು ಅಷ್ಟೇ. ಕ್ರೈಸ್ಟ್‌ಚರ್ಚ್‌ನ ಬಯಲಿನಲ್ಲಿ ನಿಂತಾಗ ಪಡುವಣದಲ್ಲಿ ಬೆಟ್ಟಸಾಲಿನ ಮೇಲೆ ಮೋಡ ಕಮಾನಿನಂತೆ ಬಾಗಿರುತ್ತದೆ. ಆ ಕಮಾನಿಗೂ ಬೆಟ್ಟಕ್ಕೂ ನಡುವೆ ಒಂದು ಪಟ್ಟಿ ತಿಳಿನೀಲಿ ಆಕಾಶ. ಮೈಗೆ ಬಿಸಿಗಾಳಿ ಹೊಡೆಯುತ್ತಿರುತ್ತದೆ, ಊರಿನಲ್ಲಿ ಬಟ್ಟೆ ಹರವಿದರೆ ಗಳಿಗೆಯಲ್ಲಿ ಒಣಗುತ್ತದೆ. ಹೊಸಬರಿಗೆ ಅದು ಚಾರಣಕ್ಕೆ ಹೇಳಿ ಮಾಡಿಸಿದ ದಿನ. ಅಲ್ಲಿಯವರಿಗೆ ಅದು ವಾಯುವ್ಯದ ಗಾಳಿ, ಅಂದರೆ ಬೆಟ್ಟದ ನೆತ್ತಿಯಲ್ಲಿ ಈಗ ಧಾರಾಕಾರ ಸುರಿಯುತ್ತಿದೆ ಎಂಬ ಸುದ್ದಿ. ನೆತ್ತಿಯಲ್ಲಿ ಬಿದ್ದ ಆ ನೀರು ಬಿಸಿಲು ಕಾಯುತ್ತಿರುವ ನಮ್ಮ ಬದಿಯ ಹೊಳೆಗಳಿಗೂ ಇಳಿಯುತ್ತದೆ. ತಲೆಯ ಮೇಲೆ ಹನಿ ಮಳೆಯಿಲ್ಲ, ಕಾಲ ಬುಡದಲ್ಲಿ ಹೊಳೆ ಏರುತ್ತಿರುತ್ತದೆ.

ಆ ಹೊಳೆಗಳಲ್ಲಿ ನನಗೆ ಹೆಚ್ಚು ಬಳಕೆಯಾದದ್ದು ವೈಮಾಕರಿರಿ. ಆರ್ಥರ್ಸ್ ಪಾಸ್ ರಾಷ್ಟ್ರೀಯ ಉದ್ಯಾನದ ಹಿಮದಲ್ಲಿ ಹುಟ್ಟಿ ಕ್ರೈಸ್ಟ್‌ಚರ್ಚ್‌ನ ಉತ್ತರಕ್ಕೆ ಕಡಲು ಸೇರುವ ಹೊಳೆ. ಬೂದುಗಲ್ಲಿನ ಅಗಲವಾದ ಪಾತ್ರದಲ್ಲಿ ಒಂದೇ ಧಾರೆಯಾಗಿ ಹರಿಯದೆ ಹತ್ತಾರು ಕವಲಾಗಿ ಬಿಚ್ಚಿಕೊಂಡು, ಮತ್ತೆ ಕೂಡಿಕೊಂಡು ಸಾಗುತ್ತದೆ. ಇವತ್ತು ಇಲ್ಲಿದ್ದ ಕವಲು ಒಂದು ನೆರೆ ಬಂದು ಹೋದ ಮೇಲೆ ಇನ್ನೆಲ್ಲೋ ಇರುತ್ತದೆ. ಕ್ರೈಸ್ಟ್‌ಚರ್ಚ್ ಸುತ್ತಲಿನ ಕ್ಯಾಂಟರ್‌ಬರಿಯ ಬಯಲು ಇಂಥ ಹೊಳೆಗಳು ತಂದು ಸುರಿದ ಜಲ್ಲಿಯಿಂದಲೇ ಆದದ್ದು. ಪಾತ್ರದಲ್ಲಿ ಉಳಿದ ನುಣುಪು ಹೂಳನ್ನು ಇದೇ ವಾಯುವ್ಯದ ಗಾಳಿ ಎತ್ತಿ ಬಯಲಿನ ಮೇಲೆ ಹರಡಿತು. ನಾವು ಲಿಂಕನ್ನಿನಲ್ಲಿ ಜರಡಿ ಹಿಡಿದು ಅಳೆಯುತ್ತಿದ್ದ ಮಣ್ಣಿಗೆ ತವರು ಈ ಪಾತ್ರ. ಪಠ್ಯದಲ್ಲಿ ಓದಿದ್ದನ್ನು ಬೂಟಿನೊಳಗೆ ಹೊತ್ತು ತಂದ ಸಂದರ್ಭಗಳೂ ಉಂಟು.

ಕ್ಲಾಂಡೈಕ್ ಕಾರ್ನರ್ ಎಂಬಲ್ಲಿ ರಸ್ತೆ ಬಿಟ್ಟು ಈ ಪಾತ್ರದಲ್ಲೇ ಮೇಲಕ್ಕೆ ಸುಮಾರು 16 ಕಿಲೋಮೀಟರ್ ನಡೆದರೆ ಕ್ಯಾರಿಂಗ್ಟನ್ ಹಟ್. ದಾರಿ ಎಂದರೆ ಕಲ್ಲುಹಾಸು, ನೀರು, ಮತ್ತೆ ಕಲ್ಲುಹಾಸು. ಮೊದಲ ಕವಲು ಎದುರಾದಾಗ ನಮ್ಮವರೆಲ್ಲ ಮಾಡುವಂತೆ ಗೆಳೆಯ ಬೂಟು ಬಿಚ್ಚಲು ಕೂತ. ಜೊತೆಗಿದ್ದ ಚಾರಣ ಕ್ಲಬ್ಬಿನವರು ಬೂಟು, ಕಾಲ್ಚೀಲ ಸಮೇತ ಸೀದಾ ನೀರಿಗಿಳಿದು ಆಚೆ ಹತ್ತಿ ನಡೆಯುತ್ತಲೇ ಇದ್ದರು. ಅಲ್ಲಿ ಒದ್ದೆ ಕಾಲೇ ಸಹಜ ಸ್ಥಿತಿ. ಬರಿಗಾಲಿನಲ್ಲಿ ಆ ಉರುಟು ಕಲ್ಲಿನ ಮೇಲೆ ಹಿಡಿತ ಸಿಗುವುದಿಲ್ಲ, ಹಿಮದಿಂದ ಕರಗಿ ಬಂದ ನೀರಿಗೆ ಪಾದ ಮರಗಟ್ಟಿದರೆ ಎಲ್ಲಿ ಇಡುತ್ತೇವೆಂದೂ ತಿಳಿಯುವುದಿಲ್ಲ.

ದೊಡ್ಡ ಕವಲು ದಾಟುವುದಕ್ಕೆ ಒಂದು ಕ್ರಮವಿದೆ. ಅದನ್ನು ಅಲ್ಲಿನ ಚಾರಣ ಕ್ಲಬ್ಬುಗಳು ಹೊಸಬರಿಗೆ ಮೊದಲ ಪಾಠವಾಗಿ ಕಲಿಸುತ್ತವೆ. ಮೊದಲು ನೀರಿಗೊಂದು ಕಡ್ಡಿ ಎಸೆದು ದಡದಲ್ಲಿ ಅದರ ಜೊತೆಜೊತೆಗೆ ನಡೆಯಬೇಕು. ಕಡ್ಡಿ ನಮ್ಮ ನಡಿಗೆಗಿಂತ ಮುಂದೆ ಓಡಿದರೆ ದಾಟುವಂತಿಲ್ಲ. ನೀರು ಕದಡಿದ್ದರೆ, ಕೊಂಬೆರೆಂಬೆ ತೇಲಿ ಬರುತ್ತಿದ್ದರೆ ದಾಟುವಂತಿಲ್ಲ. ಕಿವಿಗೊಟ್ಟಾಗ ನೀರಿನ ಸದ್ದಿನ ಕೆಳಗೆ ಗುಡುಗುಡು ಎಂಬ ಇನ್ನೊಂದು ಸದ್ದು ಕೇಳಿದರೆ ತಳದಲ್ಲಿ ಬಂಡೆಗಳು ಉರುಳುತ್ತಿವೆ ಎಂದರ್ಥ, ಅಲ್ಲಿಗೆ ಮಾತು ಮುಗಿಯಿತು. ಇದೆಲ್ಲ ಪಾಸಾದರೆ ಬೆನ್ನುಚೀಲದ ಎದೆಪಟ್ಟಿ ಬಿಚ್ಚಿ, ಹೆಗಲಪಟ್ಟಿ ಸಡಿಲಿಸಿ, ಸಾಲಾಗಿ ನಿಂತು, ಒಬ್ಬೊಬ್ಬರೂ ಪಕ್ಕದವರ ಬೆನ್ನಿಗೂ ಚೀಲಕ್ಕೂ ನಡುವೆ ತೋಳು ತೂರಿಸಿ ಪಟ್ಟಿ ಹಿಡಿದುಕೊಳ್ಳಬೇಕು. ಗಟ್ಟಿಮುಟ್ಟಾದವರು ನೀರು ಬರುವ ತುದಿಯಲ್ಲಿ, ಸಣ್ಣವರು ಅವರ ಕೆಳಗೆ. ಸಾಲು ಒಡೆಯದಂತೆ, ನೀರಿನೊಂದಿಗೆ ತುಸು ಓರೆಯಾಗಿ, ಹೆಜ್ಜೆಯ ಮೇಲೆ ಹೆಜ್ಜೆ. ತೊಡೆಯ ಮಟ್ಟಕ್ಕೆ ನೀರು ಬಂದಾಗ ಪಕ್ಕದಲ್ಲಿರುವವರ ಹೆಸರು ಸರಿಯಾಗಿ ಗೊತ್ತಿಲ್ಲದಿದ್ದರೂ ಅವರ ಚೀಲದ ಪಟ್ಟಿಯನ್ನು ಹಿಡಿದ ಬಿಗಿ ಇದೆಯಲ್ಲ, ಪರದೇಶದಲ್ಲಿ ನನಗೆ ಸ್ನೇಹಿತರು ಸಿಕ್ಕದ್ದು ಹಾಗೆ. ಕ್ಯಾಂಟೀನಿನಲ್ಲಲ್ಲ.

ಇಷ್ಟು ಶಾಸ್ತ್ರ ಯಾಕೆಂದರೆ, ಬಿಳಿಯರು ಅಲ್ಲಿ ನೆಲೆಸಿದ 19ನೇ ಶತಮಾನದಲ್ಲಿ ಹೊಳೆಗೆ ಸಿಕ್ಕಿ ಸತ್ತವರು ಎಷ್ಟಿದ್ದರೆಂದರೆ, ಮುಳುಗಿ ಸಾಯುವುದಕ್ಕೆ 'ನ್ಯೂಜಿಲೆಂಡ್ ಸಾವು' ಎಂದೇ ಹೆಸರು ಬಿದ್ದಿತ್ತು. ಕ್ಯಾರಿಂಗ್ಟನ್ ಹಟ್‌ಗೆ ಆ ಹೆಸರು ಬಂದದ್ದೂ ಹಾಗೆಯೇ. ಬೆಟ್ಟ ಹತ್ತುವ ಗೀಳಿನ ಕ್ಯಾರಿಂಗ್ಟನ್ ಎಂಬ ತರುಣ 1926ರಲ್ಲಿ ಇದೇ ವೈಮಾಕರಿರಿಯ ಕಮರಿಯಲ್ಲಿ ಮುಳುಗಿ ತೀರಿಕೊಂಡ.

ಹಾಗಾಗಿ ಕಾಯುವುದು. ಈ ಹೊಳೆಗಳು ಏರುವಷ್ಟೇ ಬೇಗ ಇಳಿಯುತ್ತವೆ. ಮಳೆ ನಿಂತ ಮೇಲೆ ಒಂದು ದಿನ ತಾಳಿದರೆ ಸಾಕು, ನಿನ್ನೆ ಬಂಡೆ ಉರುಳಿಸುತ್ತಿದ್ದ ನೀರು ಇವತ್ತು ಮೊಣಕಾಲಿಗೆ ಬಂದಿರುತ್ತದೆ. ಆ ಒಂದು ದಿನ ತಾಳುವುದೇ ಕಷ್ಟ. ಸೋಮವಾರ ಬೆಳಿಗ್ಗೆ ಸೆಮಿನಾರ್ ಇರುತ್ತದೆ, ರೆಸ್ಟೊರೆಂಟಿನ ಪಾಳಿ ಇರುತ್ತದೆ. ಹೊರಡುವಾಗಲೇ ಒಂದು ದಿನದ ಊಟ ಹೆಚ್ಚಿಗೆ ಕಟ್ಟಿಕೊಳ್ಳುವುದು, ವಾಪಸು ಬರುವುದು ತಡವಾದೀತು ಎಂದು ಮೊದಲೇ ಹೇಳಿಟ್ಟು ಬರುವುದು ಅಲ್ಲಿನ ರೂಢಿ. ಹೊಳೆ ಏರಿತ್ತು ಎಂದರೆ ಪ್ರಾಧ್ಯಾಪಕರು ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ.

ಹಟ್ಟಿನಲ್ಲಿ ಸಿಕ್ಕಿಹಾಕಿಕೊಂಡ ದಿನ ಏನು ಮಾಡುವುದು? ಸೌದೆ ಸೀಳುವುದು, ಬಟ್ಟೆ ಒಣಗಿಸುವುದು, ಹಟ್ ಪುಸ್ತಕ ಓದುವುದು. ಪ್ರತಿ ಹಟ್ಟಿನಲ್ಲೂ ಒಂದು ರಿಜಿಸ್ಟರ್ ಇರುತ್ತದೆ. ಯಾರು, ಎಷ್ಟು ಜನ, ಎಲ್ಲಿಂದ ಬಂದಿರಿ, ಮುಂದೆ ಎತ್ತ ಹೋಗುತ್ತೀರಿ, ಎಲ್ಲ ಬರೆಯಬೇಕು. ಕಾಣೆಯಾದವರನ್ನು ಹುಡುಕುವ ತಂಡ ಮೊದಲು ತೆರೆಯುವುದು ಅದನ್ನೇ. ಕೊನೆಯ ಅಂಕಣದಲ್ಲಿ ಮಾತ್ರ ಜನ ಮನಸ್ಸಿಗೆ ಬಂದದ್ದನ್ನು ಬರೆಯುತ್ತಾರೆ. ಇಲಿಯ ಬಗ್ಗೆ ದೂರು, ಗೊರಕೆ ಹೊಡೆದವನ ಬಗ್ಗೆ ಪದ್ಯ, ಹಿಂದಿನವರು ಸೌದೆ ತುಂಬಿಡದೆ ಹೋದದ್ದಕ್ಕೆ ಬೈಗುಳ. ಆ ಬೈಗುಳ ಮಾತ್ರ ನ್ಯಾಯವಾದದ್ದು. ಹೊರಡುವ ಮುನ್ನ ಒಲೆಯ ಪಕ್ಕ ಒಣ ಸೌದೆ, ಸಣ್ಣ ಚಕ್ಕೆ ಜೋಡಿಸಿಟ್ಟು ಹೋಗಬೇಕು. ನಡುಗುತ್ತಾ ಒಳಗೆ ಬಂದವನಿಗೆ ಆಗ ಕೊಡಲಿ ಹುಡುಕುವ ಶಕ್ತಿ ಇರುವುದಿಲ್ಲ.

ಊಟದ ವಿಷಯದಲ್ಲಿ ನಾವು ಕನ್ನಡಿಗರು ಗೆದ್ದೆವು. ಅಲ್ಲಿಯವರು ಅಂಗಡಿಯಲ್ಲಿ ಸಿಗುವ ಒಣಗಿಸಿದ ಊಟದ ಪೊಟ್ಟಣಕ್ಕೆ ಬಿಸಿನೀರು ಹೊಯ್ದು ತಿನ್ನುತ್ತಾರೆ, ದುಬಾರಿ, ರುಚಿಯೂ ಅಷ್ಟಕ್ಕಷ್ಟೆ. ನಮ್ಮ ಗೊಜ್ಜವಲಕ್ಕಿಗೆ ಬೆಂಕಿಯೇ ಬೇಡ. ತೂಕವಿಲ್ಲ, ಕೆಡುವುದಿಲ್ಲ, ತಣ್ಣೀರು ಚಿಮುಕಿಸಿ ಅರೆಗಳಿಗೆ ಬಿಟ್ಟರೆ ಆಯಿತು. ಹುರಿಹಿಟ್ಟು, ಬೆಲ್ಲ, ಹುರಿದ ರವೆಯ ಉಪ್ಪಿಟ್ಟಿನ ಮಿಶ್ರಣ, ಇವೆಲ್ಲ ನಮ್ಮ ಅಜ್ಜಿಯರು ತೀರ್ಥಯಾತ್ರೆಗೆಂದು ಮಾಡುತ್ತಿದ್ದದ್ದು. ಸದರ್ನ್ ಆಲ್ಪ್ಸ್‌ಗೂ ಸರಿಹೋಯಿತು.

ಕಾಯುತ್ತಾ ಕೂತವರಿಗೆ ಮನರಂಜನೆ ಕಿಯಾ ಹಕ್ಕಿಯದು. ಬೆಟ್ಟದ ಹಿಮದ ಎತ್ತರದಲ್ಲಿ ಬದುಕುವ ಹಸಿರು ಗಿಣಿ ಅದು, ರೆಕ್ಕೆಯಡಿ ಕೆಂಪುಕಿತ್ತಳೆ. ಬೂಟು ಹೊರಗೆ ಬಿಟ್ಟಿರೋ, ಬೆಳಿಗ್ಗೆ ಲೇಸು ಇರುವುದಿಲ್ಲ, ಕೆಲವೊಮ್ಮೆ ಬೂಟೇ ಇರುವುದಿಲ್ಲ. ಕಾರಿನ ಕಿಟಕಿಯ ರಬ್ಬರ್ ಪಟ್ಟಿಯನ್ನು ಕಿತ್ತು ಎಳೆಯುವುದೆಂದರೆ ಅದಕ್ಕೆ ಹಬ್ಬ. ಕುರಿಗಳ ಬೆನ್ನಿನ ಕೊಬ್ಬು ಕುಕ್ಕುತ್ತದೆಂದು ಸರ್ಕಾರ ನೂರು ವರ್ಷದಷ್ಟು ಕಾಲ ಅದರ ತಲೆಗೆ ಬಹುಮಾನ ಕಟ್ಟಿತ್ತು. ಒಂದೂವರೆ ಲಕ್ಷದಷ್ಟು ಹಕ್ಕಿಗಳನ್ನು ಕೊಂದರೆಂಬ ಅಂದಾಜಿದೆ. ಪೂರ್ಣ ರಕ್ಷಣೆ ಸಿಕ್ಕದ್ದು 1986ರಲ್ಲಿ, ಈಗ ಉಳಿದಿರುವುದು ಕೆಲವೇ ಸಾವಿರ. ಇಷ್ಟೆಲ್ಲ ಮಾಡಿದ ಮನುಷ್ಯನ ಪಕ್ಕಕ್ಕೇ ಅದು ಕುತೂಹಲದಿಂದ ಕುಪ್ಪಳಿಸಿಕೊಂಡು ಬರುತ್ತದಲ್ಲ, ಅದಕ್ಕೇನು ಹೇಳುವುದೋ.

ಈ ಹಟ್‌ಗಳು ಅಲ್ಲಿಗೆ ಹೇಗೆ ಬಂದವು ಎಂಬ ಕಥೆಯೂ ಪ್ರಾಣಿಯದೇ. ಬಾವಲಿಯನ್ನು ಬಿಟ್ಟರೆ ಆ ದೇಶದ ನೆಲದ ಮೇಲೆ ಮೂಲದ ಸಸ್ತನಿಯೇ ಇರಲಿಲ್ಲ. ವಲಸೆ ಬಂದವರು ಬೇಟೆಯ ಶೋಕಿಗೆಂದು ಇಂಗ್ಲೆಂಡು, ಸ್ಕಾಟ್ಲೆಂಡಿನಿಂದ ಕೆಂಪು ಜಿಂಕೆ ತಂದು ಬಿಟ್ಟರು. ಹಿಡಿಯುವ ಹುಲಿಯಿಲ್ಲ, ತೋಳವಿಲ್ಲ. ಜಿಂಕೆ ಹೆಚ್ಚಿ, ಕಾಡಿನ ಸಸಿಗಳನ್ನೆಲ್ಲ ಮೇಯತೊಡಗಿತು. 1930ರ ಹೊತ್ತಿಗೆ ಸರ್ಕಾರವೇ ಸಂಬಳ ಕೊಟ್ಟು ಬೇಟೆಗಾರರನ್ನು ಕಾಡಿಗೆ ಕಳಿಸುವಂತಾಯಿತು. 1956ರಲ್ಲಿ ಆ ಕೆಲಸ ಅರಣ್ಯ ಇಲಾಖೆಯ ಕೈಗೆ ಬಂತು. ಬೇಟೆಗಾರರು ತಿಂಗಳುಗಟ್ಟಲೆ ಒಳಗೇ ಇರಬೇಕಲ್ಲ, ಅವರಿಗೆಂದು ವಿಮಾನದಿಂದ ಸಾಮಾನು ಉದುರಿಸಿ ನೂರಾರು ಹಟ್ ಕಟ್ಟಿದರು, ದಾರಿ ಕಡಿದರು, ತಂತಿಸೇತುವೆ ಹಾಕಿದರು. ಆಮೇಲೆ ಹೆಲಿಕಾಪ್ಟರ್ ಬಂತು, ಜಿಂಕೆ ಮಾಂಸಕ್ಕೆ ರಫ್ತಿನ ಬೆಲೆ ಬಂತು, ಕಾಡಿನ ಜಿಂಕೆಯನ್ನು ಜೀವಂತ ಹಿಡಿದು ತಂದು ಬೇಲಿಯೊಳಗೆ ಸಾಕುವ ಕಸುಬೂ ಶುರುವಾಯಿತು. ಯಾವ ಪ್ರಾಣಿಯನ್ನು ಕೊಲ್ಲಲು ಇಲಾಖೆಯೇ ಎದ್ದು ನಿಂತಿತ್ತೋ ಅದರ ಸಾಕಣೆ ಅಲ್ಲಿ ಈಗ ಒಂದು ಕೃಷಿ. 1987ರಲ್ಲಿ ಸಂರಕ್ಷಣಾ ಇಲಾಖೆ ಹುಟ್ಟಿದಾಗ ಹಟ್‌ಗಳು ಅದರ ಪಾಲಿಗೆ ಬಂದವು. ಬಂದೂಕಿನವರಿಗೆಂದು ಕಟ್ಟಿದ ಮಂಚದ ಮೇಲೆ ಗೊಜ್ಜವಲಕ್ಕಿಯವರು ಮಲಗುವಂತಾಯಿತು.

ಆಕಾಶವಾಣಿಯಲ್ಲಿ ಕೂತು ಇನ್ನೊಂದನ್ನು ಹೇಳದೆ ಇರಲಾಗದು. ಆ ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಬಹುಕಾಲ ಅಲ್ಲಿನ ಚಾರಣಿಗರನ್ನು ಊರಿಗೆ ಜೋಡಿಸಿದ್ದು ಸ್ವಯಂಸೇವಕರು ನಡೆಸುತ್ತಿದ್ದ ಮೌಂಟನ್ ರೇಡಿಯೊ ಸೇವೆ. ಬಾಡಿಗೆಗೆ ಒಂದು ಪುಟ್ಟ ಶಾರ್ಟ್‌ವೇವ್ ಪೆಟ್ಟಿಗೆ ಕೊಡುತ್ತಿದ್ದರು. ಸಂಜೆ ಎರಡು ಮರಗಳ ನಡುವೆ ತಂತಿ ಎಳೆದು ಕೂತರೆ, ಗೊತ್ತಾದ ಹೊತ್ತಿಗೆ ಊರಿನಿಂದ ದನಿ ಬರುತ್ತಿತ್ತು. ಮೊದಲು ಹವಾಮಾನ ವರದಿ, ಆಮೇಲೆ ಒಂದೊಂದೇ ತಂಡವನ್ನು ಕರೆದು ಎಲ್ಲಿದ್ದೀರಿ, ಹೇಗಿದ್ದೀರಿ ಎಂದು ವಿಚಾರಣೆ. ಎಲ್ಲರದೂ ಎಲ್ಲರಿಗೂ ಕೇಳುತ್ತಿತ್ತು. ಮೂರು ಕಣಿವೆಯಾಚೆ ಯಾವುದೋ ತಂಡ ನಮ್ಮ ಹಾಗೆಯೇ ಹೊಳೆಗೆ ಕಾಯುತ್ತಾ ಕೂತಿದೆ ಎಂದು ತಿಳಿದರೆ ಅರ್ಧ ಬೇಸರ ಕಳೆಯುತ್ತಿತ್ತು. ಈಗ ಉಪಗ್ರಹಕ್ಕೆ ಕೂಗು ಕಳಿಸುವ ಅಂಗೈಯಗಲದ ಬೀಕನ್ ಬಂದಿದೆ, ಒತ್ತಿದರೆ ಹೆಲಿಕಾಪ್ಟರ್ ಬರುತ್ತದೆ. ಸುರಕ್ಷಿತ, ಸಂಶಯವಿಲ್ಲ. ಆದರೆ ಅದು ಹವಾಮಾನ ಓದಿ ಹೇಳುವುದಿಲ್ಲ, ಬೇರೆಯವರ ಸುದ್ದಿಯನ್ನೂ ಕೊಡುವುದಿಲ್ಲ.

ಗಾಯವಾದರೆ ಗತಿಯೇನು ಎಂದು ಮನೆಯವರು ಫೋನಿನಲ್ಲಿ ಕೇಳುತ್ತಿದ್ದರು. ಆ ದೇಶದಲ್ಲಿ 1974ರಿಂದ ಒಂದು ಅಪಘಾತ ಪರಿಹಾರ ವ್ಯವಸ್ಥೆ ಇದೆ. ಯಾರ ತಪ್ಪು ಎಂದು ಕೇಳದೆ ಚಿಕಿತ್ಸೆಯ ಖರ್ಚಿಗೆ ನೆರವಾಗುತ್ತದೆ, ಹೊರಗಿನಿಂದ ಬಂದವರಿಗೂ ಅನ್ವಯ. ಕಾಯಿಲೆ ಬಿದ್ದರೆ ಮಾತ್ರ ನಿಮ್ಮ ವಿಮೆಯೇ ಗತಿ. ಕಾಲು ಮುರಿದರೆ ಪರವಾಗಿಲ್ಲ, ಜ್ವರ ಬರಕೂಡದು ಎಂದು ನಾವು ತಮಾಷೆ ಮಾಡಿಕೊಳ್ಳುತ್ತಿದ್ದೆವು. ಅಮ್ಮನಿಗೆ ಆ ತಮಾಷೆ ಹಿಡಿಸಲಿಲ್ಲ.

ಬೇಸಗೆ ರಜೆಯಲ್ಲಿ ದೂರದ ತಿರುಗಾಟ. ಸೆಂಟ್ರಲ್ ಒಟಾಗೊದ ತೋಟಗಳಲ್ಲಿ ಚೆರ್ರಿ ಕೀಳುವ ಕೆಲಸ ಸಿಗುತ್ತದೆ, ಆ ದುಡ್ಡು ತಿರುಗಾಟಕ್ಕೆ. ರಸ್ತೆಬದಿಯಲ್ಲಿ ಹೆಬ್ಬೆರಳು ಚಾಚಿ ನಿಂತರೆ ಹಳ್ಳಿಗಾಡಿನ ಜನ ಹತ್ತಿಸಿಕೊಳ್ಳುತ್ತಾರೆ. ರೈತರ ಪಿಕ್‌ಅಪ್ ಗಾಡಿಯಲ್ಲಿ ನಾಯಿಯ ಪಕ್ಕ ಕೂತು ಹಾಸ್ಟ್ ಕಣಿವೆ ದಾಟಿದ್ದುಂಟು. ಆ ರಸ್ತೆ ಪಡುವಣ ಕರಾವಳಿಯ ಹೆದ್ದಾರಿಗೆ ಕೂಡಿಕೊಂಡದ್ದೇ 1965ರಲ್ಲಿ. ಬಟ್ಟೆಬರೆ ದಾನದಂಗಡಿಯದು: ಯಾರೋ ಉಟ್ಟು ಬಿಟ್ಟ ಉಣ್ಣೆಯ ಜಂಪರ್, ಪಟ್ಟೆಪಟ್ಟೆಯ ಥರ್ಮಲ್ ಮೇಲೊಂದು ಚಡ್ಡಿ. ನಮ್ಮಲ್ಲಿ ಹುಚ್ಚರು ಎಂದಾರು, ಅಲ್ಲಿ ಅದೇ ಸಮವಸ್ತ್ರ. ಹತ್ತಿ ಬಟ್ಟೆ ಮಾತ್ರ ಬೇಡವೇ ಬೇಡ, ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಬ್ಯಾಕ್‌ಪ್ಯಾಕರ್ ಹಾಸ್ಟೆಲ್‌ಗಳ ಅಡುಗೆಮನೆಯಲ್ಲಿ ಒಂದು ಕಪಾಟು ಇರುತ್ತದೆ. ಊರು ಬಿಟ್ಟು ಹೊರಡುವವರು ಉಳಿದ ಅಕ್ಕಿ, ಎಣ್ಣೆ, ಪಾಸ್ತಾ, ಅರ್ಧ ಡಬ್ಬಿ ಜಾಮ್ ಇಟ್ಟು ಹೋಗುತ್ತಾರೆ, ಬೇಕಾದವರು ತೆಗೆದುಕೊಳ್ಳಬಹುದು. ತಿಂಗಳ ಕೊನೆಯಲ್ಲಿ ನಾವು ಆ ಕಪಾಟಿನ ನಿಷ್ಠಾವಂತ ಭಕ್ತರು.

ಮಿಲ್ಫರ್ಡ್‌ನ ಚೆಲುವನ್ನು ವರ್ಣಿಸುವ ಗೋಜಿಗೆ ಹೋಗುವುದಿಲ್ಲ, ಚಿತ್ರಗಳಲ್ಲಿ ನೋಡಿರುತ್ತೀರಿ. ಚಿತ್ರದಲ್ಲಿ ಕಾಣದ್ದು ಅಲ್ಲಿನ ಸ್ಯಾಂಡ್‌ಫ್ಲೈ. ಸೊಳ್ಳೆಗಿಂತ ಸಣ್ಣದು, ಕಚ್ಚಿದರೆ ವಾರಗಟ್ಟಲೆ ತುರಿಕೆ. ನಿಂತರೆ ಮುತ್ತುತ್ತದೆ, ನಡೆಯುತ್ತಿದ್ದರೆ ಬಿಟ್ಟುಬಿಡುತ್ತದೆ. ಮಾವೊರಿ ಜನರು ಇದಕ್ಕೊಂದು ಕಥೆ ಹೇಳುತ್ತಾರೆ. ಮಿಲ್ಫರ್ಡ್‌ನಂಥ ಕಡಲಕಮರಿಗಳನ್ನು ದೇವರು ಕಡೆದು ಮುಗಿಸಿದಾಗ, ಮೃತ್ಯುದೇವತೆ ಹಿನೆ ನುಯಿ ತೆ ಪೊ ಬಂದು ನೋಡಿದಳಂತೆ. ಇಷ್ಟು ಚೆಂದದ ಜಾಗ ಬಿಟ್ಟು ಮನುಷ್ಯರು ಕದಲಲಾರರು ಎಂದು ಈ ನೊಣಗಳನ್ನು ಬಿಟ್ಟಳಂತೆ. ಉಪಾಯ ಫಲಿಸಿದೆ, ನಾನೇ ಸಾಕ್ಷಿ.

ಎತ್ತರದ ಒಂದು ಹಟ್ಟಿನ ಬಗ್ಗೆಯೂ ಹೇಳಬೇಕು. ಅವೊರಾಕಿ, ಅಂದರೆ ಮೌಂಟ್ ಕುಕ್, ಆ ದೇಶದ ಅತಿ ಎತ್ತರದ ಶಿಖರ. ಅದರ ಎದುರಿನ ಸೀಲಿ ಸಾಲಿನ ಮೇಲೆ 1,800 ಮೀಟರ್ ಎತ್ತರದಲ್ಲಿ ಮ್ಯೂಲರ್ ಹಟ್ ಇದೆ. ಅರ್ಧ ದಾರಿಯವರೆಗೆ 2,200 ಮೆಟ್ಟಿಲು, ಆಮೇಲೆ ಬಂಡೆ, ಹಿಮ. ಅಲ್ಲಿ ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ. ಎದುರಿನ ಸೆಫ್ಟನ್ ಬೆಟ್ಟದಿಂದ ಹಿಮದ ತುಂಡು ಕಳಚಿ ಬೀಳುತ್ತಲೇ ಇರುತ್ತದೆ. ಸದ್ದು ಕೇಳಿ ಹೊರಗೋಡಿ ಬರುವಷ್ಟರಲ್ಲಿ ಬಿದ್ದದ್ದು ಬಿದ್ದಾಗಿರುತ್ತದೆ, ಬಿಳಿ ಹೊಗೆಯಷ್ಟೇ ಕಾಣುತ್ತದೆ. ಅವೊರಾಕಿಯ ನೆತ್ತಿಯೇ 1991ರಲ್ಲಿ ಹೀಗೆ ಕಳಚಿ ಬಿತ್ತು. 2014ರಲ್ಲಿ ಪ್ರಕಟವಾದ ಅಳತೆಯಂತೆ ಎತ್ತರ 3,724 ಮೀಟರ್. ಈಗಿನ ಮ್ಯೂಲರ್ ಹಟ್ಟನ್ನು 2003ರಲ್ಲಿ ಉದ್ಘಾಟಿಸಿದವರು ಎಡ್ಮಂಡ್ ಹಿಲರಿ. ಇಪ್ಪತ್ತರ ಹರೆಯದಲ್ಲಿ ಅವರು ಮೊದಲು ಹತ್ತಿದ ದೊಡ್ಡ ಬೆಟ್ಟ ಅದರ ಪಕ್ಕದ್ದೇ. 1980ರ ದಶಕದಲ್ಲಿ ಅವರು ದಿಲ್ಲಿಯಲ್ಲಿ ತಮ್ಮ ದೇಶದ ಹೈಕಮಿಷನರ್ ಆಗಿದ್ದರು. 1992ರಲ್ಲಿ, ಬದುಕಿದ್ದಾಗಲೇ, ಅವರ ಮುಖ ಐದು ಡಾಲರಿನ ನೋಟಿನ ಮೇಲೆ ಬಂತು. ಆ ನೋಟು ಕೊಟ್ಟರೆ ಒಂದು ರಾತ್ರಿಯ ಹಟ್ ಟಿಕೆಟ್ ಸಿಗುತ್ತಿತ್ತು ಎಂಬುದು ನನಗೆ ಖುಷಿ ಕೊಡುವ ಸಂಗತಿ, ಮ್ಯೂಲರ್‌ನಂಥ ದೊಡ್ಡ ಹಟ್‌ಗೆ ಅದು ಸಾಲದಿದ್ದರೂ.

ನ್ಗಾಯ್ ತಾಹು ಮಾವೊರಿಗಳಿಗೆ ಅವೊರಾಕಿ ಹಿರಿಯ ಪೂರ್ವಜ. ಶಿಖರದ ತುತ್ತತುದಿಯ ಮೇಲೆ ಕಾಲಿಡಬೇಡಿ ಎಂದು ಅವರು ಕೇಳಿಕೊಳ್ಳುತ್ತಾರೆ, ಮುಟ್ಟುವ ಮೊದಲೇ ನಿಂತು ಹಿಂದಿರುಗುವ ಪರ್ವತಾರೋಹಿಗಳಿದ್ದಾರೆ. ಅಷ್ಟು ಎತ್ತರಕ್ಕೆ ಹೋಗುವ ಯೋಗ್ಯತೆ ನನಗಿರಲಿಲ್ಲ, ಆದ್ದರಿಂದ ಧರ್ಮಸಂಕಟವೂ ಬರಲಿಲ್ಲ.

ಇತ್ತೀಚೆಗೆ ಓದಲು ಹೋಗುವ ನಮ್ಮ ಹುಡುಗ ಹುಡುಗಿಯರು ಏನು ಕೊಂಡೊಯ್ಯಬೇಕು ಎಂದು ಕೇಳುತ್ತಾರೆ. ಬೆಲೆಬಾಳುವ ಡೇರೆ, ಜಾಕೆಟ್ಟು ಇಲ್ಲಿಂದ ಹೊರಬೇಡಿ, ಕ್ಲಬ್ಬುಗಳಲ್ಲಿ ಬಾಡಿಗೆಗೆ ಸಿಗುತ್ತವೆ. ಕ್ಲಬ್ಬಿಗೆ ಮೊದಲ ವಾರವೇ ಸೇರಿ, ಹೊಳೆ ದಾಟುವ ಪಾಠ ತಪ್ಪಿಸಬೇಡಿ. ಕುಮಾರಪರ್ವತ ಹತ್ತಿದ ಬೂಟು ಒಯ್ಯುವುದಾದರೆ ಅಡಿಯ ಮಣ್ಣನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ನಮ್ಮ ಮಣ್ಣಿನ ರೋಗಬೀಜ ಅವರ ಕಾಡಿಗೆ ಹೋಗಬಾರದೆಂದು ವಿಮಾನನಿಲ್ದಾಣದಲ್ಲಿ ಬೂಟು ತಿರುಗಿಸಿ ಅಡಿ ನೋಡುತ್ತಾರೆ. ಮಣ್ಣಿನ ವಿದ್ಯಾರ್ಥಿಯಾದ ನಾನೂ ಅದು ಸರಿ ಎಂದೇ ಹೇಳುತ್ತೇನೆ. ಮತ್ತೆ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯನ್ನು ಆ ದೇಶಕ್ಕೆ ಹೋಗುವಾಗ ತುಂಬುವ ಘೋಷಣಾಪತ್ರದಲ್ಲಿ ಮರೆಯದೆ ಬರೆಯಿರಿ. ಬರೆದರೆ ಒಮ್ಮೆ ನೋಡಿ, ಸರಿಯಿದ್ದರೆ ವಾಪಸು ಕೊಡುತ್ತಾರೆ. ಬರೆಯದೆ ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ, ಚಟ್ನಿಪುಡಿಯೂ ಹೋಗುತ್ತದೆ.